ಕೆರೆನ್, ತೊಬ್ರೂಕ್, ಸಂಗ್ಶಾಕ್ ಮತ್ತು ನಮ್ಮ ನಾಡು: ಇತಿಹಾಸ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ದೇಗಾಂವ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಶಾಲೆಗಳಲ್ಲಿ ಇತಿಹಾಸ ಕಲಿಸುವ ಎಲ್ಲ ಗುರುಗಳಿಗೆ, ಅಕ್ಕೋರಿಗೆ,

ಎರಡನೇ ಮಹಾಯುದ್ಧದ ಪಾಠವನ್ನು ನೀವು ವರ್ಷಕ್ಕೊಮ್ಮೆ ಮಾಡುತ್ತೀರಿ. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು, 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು, ಸ್ಟಾಲಿನ್‌ಗ್ರಾಡಿನಲ್ಲಿ ಹಿಟ್ಲರನ ಸೊಕ್ಕು ಮುರಿಯಿತು, ಹಿರೋಶಿಮಾ ನಾಗಾಸಾಕಿಯಲ್ಲಿ ಎಲ್ಲ ಮುಗಿಯಿತು. ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಏಪ್ರಿಲ್ ಕಳೆಯುವುದರೊಳಗೆ ಮರೆಯುತ್ತಾರೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಯುದ್ಧಕ್ಕೂ ತಮ್ಮ ಊರಿಗೂ ಏನು ಸಂಬಂಧ ಎಂಬುದು ಆ ಮಕ್ಕಳಿಗೆ ಎಲ್ಲಿಯೂ ಕಾಣುವುದಿಲ್ಲ. ಕಾಣದ್ದನ್ನು ನೆನಪಿಟ್ಟುಕೊಳ್ಳುವುದು ಯಾರಿಗೂ ಕಷ್ಟವೇ.

ಆದರೆ ಸಂಬಂಧ ಇದೆ. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ತಾಸಿನೊಳಗೆ ಬೆಳಗಾವಿಯ ಕ್ಯಾಂಪ್ ತಲುಪುತ್ತೀರಿ. ನೂರು ವರ್ಷಗಳಿಂದ ಅಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಆ ಮೈದಾನದಲ್ಲಿ ಕವಾಯತು ಕಲಿತ ಹುಡುಗರು ಆಫ್ರಿಕಾದ ಬೆಟ್ಟಗಳಲ್ಲಿ, ಲಿಬಿಯಾದ ಮರಳಿನಲ್ಲಿ, ಮಣಿಪುರದ ಕಾಡಿನಲ್ಲಿ, ಇಟಲಿಯ ನದಿದಂಡೆಗಳಲ್ಲಿ ಹೋರಾಡಿದರು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದೂ ಬೆಳಗಾವಿಯಲ್ಲೇ, 1941ರ ಅಕ್ಟೋಬರ್ 1ರಂದು. ಲಿಂಗಾಯತರದ್ದೇ ಹೆಸರಿನ ಒಂದು ಬೆಟಾಲಿಯನ್ ಕೂಡ ಆ ಯುದ್ಧಕಾಲದಲ್ಲಿ ಕಟ್ಟಲ್ಪಟ್ಟಿತು. ಮಹಾಯುದ್ಧದ ತಿರುವುಗಳ ಪಾಠವನ್ನು ಬೆಳಗಾವಿಯಿಂದಲೇ ಶುರುಮಾಡಬಹುದು, ಮಾಡಬೇಕು. ಅದಕ್ಕಾಗಿಯೇ ಈ ಪತ್ರ.

ಮೊದಲು ಕೆರೆನ್ ಮಾತು. ಇಂದಿನ ಎರಿಟ್ರಿಯಾದಲ್ಲಿರುವ ಈ ಊರು ಆಗ ಇಟಲಿಯ ಹಿಡಿತದಲ್ಲಿತ್ತು. ಪಶ್ಚಿಮದ ಬಯಲಿನಿಂದ ಊರಿಗೆ ಹೋಗಲು ಇದ್ದದ್ದು ಒಂದೇ ಕಣಿವೆ. ರಸ್ತೆಯೂ ರೈಲುಹಳಿಯೂ ಅದರೊಳಗಿಂದಲೇ ಹಾಯುತ್ತಿದ್ದವು. ಎರಡೂ ಬದಿಗೆ ಬೋಳು ಕಲ್ಲಿನ ಬೆಟ್ಟಗಳು, ಮೇಲೆಲ್ಲ ಇಟಲಿಯ ತೋಪುಗಳು. 1941ರ ಫೆಬ್ರವರಿ ಮೊದಲ ವಾರದಲ್ಲಿ ಭಾರತದ 4ನೇ ಡಿವಿಜನ್ ಆ ಬೆಟ್ಟಗಳ ಬುಡಕ್ಕೆ ಬಂತು, ಆಮೇಲೆ 5ನೇ ಡಿವಿಜನ್ ಸೇರಿಕೊಂಡಿತು. ಫೆಬ್ರವರಿಯ ದಾಳಿಗಳು ಫಲಿಸಲಿಲ್ಲ. ಹತ್ತಿದವರು ಕೆಳಗೆ ಬಿದ್ದರು, ಹಿಡಿದ ತುದಿಗಳು ಕೈಬಿಟ್ಟವು. ಗಾಡಿ ಹೋಗದ ಕಡಿದಾದ ಏರು. ನೀರು, ಗುಂಡು, ಗಾಯಾಳುಗಳು ಎಲ್ಲವೂ ಮನುಷ್ಯರ ಹೆಗಲ ಮೇಲೆಯೇ ಹತ್ತಿ ಇಳಿಯಬೇಕಿತ್ತು.

ಮಾರ್ಚ್ 15ರಂದು ಕೊನೆಯ ದೊಡ್ಡ ದಾಳಿ ಶುರುವಾಯಿತು. ದೊಲೊಗೊರೊಡಕ್ ಎಂಬ ಕೋಟೆ ಕೈಗೆ ಬಾರದೆ ಕಣಿವೆಯ ದಾರಿ ತೆರೆಯುವಂತಿರಲಿಲ್ಲ. ಕೋಟೆಗೆ ಮೊದಲು ಪಿನಾಕಲ್ ಎಂಬ ಚೂಪು ಶಿಖರ ಅಡ್ಡ ನಿಂತಿತ್ತು. ಹಗಲಲ್ಲಿ ಹೋದ ದಳ ಗುಂಡಿನ ಮಳೆಗೆ ಸಿಕ್ಕಿ ಬಿಸಿಲಲ್ಲಿ ಬಂಡೆಗಳಿಗೆ ಅಂಟಿಕೊಂಡು ಉಳಿಯಿತು. ಸಂಜೆ ಡೆನಿಸ್ ರೀಡ್ ಅವರ ನಾಯಕತ್ವದಲ್ಲಿ ಬೆಳಗಾವಿಯ 5ನೇ ಮರಾಠಾ ದಳದ 3ನೇ ಬೆಟಾಲಿಯನ್ ಮೇಲೇರಿತು. ತಮ್ಮ ತೋಪುಗಳ ಗುಂಡು ಬೀಳುತ್ತಿದ್ದ ಜಾಗದ ಬೆನ್ನಿಗೇ ಹತ್ತುತ್ತ, ಕೈಬಾಂಬು ಬಯೊನೆಟ್ಟುಗಳಿಂದ ಕಾದಾಡಿ ಆ ಶಿಖರ ಹಿಡಿದರು. ಮರುದಿನ ಬೆಳಗಾಗುವ ಹೊತ್ತಿಗೆ ಕೋಟೆ ಬ್ರಿಟಿಷ್ ಸೈನಿಕರ ವಶವಾಯಿತು. ಆಮೇಲೂ ಹತ್ತು ದಿನ ಇಟಲಿಯವರು ಮತ್ತೆ ಮತ್ತೆ ಮುಗಿಬಿದ್ದರು. ಮಾರ್ಚ್ 27ಕ್ಕೆ ಕೆರೆನ್ ಬಿತ್ತು. ದಾಳಿ ಮಾಡಿದವರ ಕಡೆಯಲ್ಲಿ 500ಕ್ಕೂ ಹೆಚ್ಚು ಜನ ಸತ್ತರು, 3,000ಕ್ಕೂ ಹೆಚ್ಚು ಜನ ಗಾಯಗೊಂಡರು. ಇಟಲಿಯ ಕಡೆ ಸತ್ತವರು ಇನ್ನೂ ಎಷ್ಟೋ ಪಟ್ಟು ಹೆಚ್ಚು. ಆ ಬೆಟ್ಟಗಳ ಮೇಲೆ ಎರಿಟ್ರಿಯಾದ ಬಡ ಹುಡುಗರೂ ಇಟಲಿಯ ಸಮವಸ್ತ್ರ ತೊಟ್ಟು ಸತ್ತರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಇದು ತಿರುವು ಹೇಗೆ ಎಂದು ಚುರುಕಾದ ಮಕ್ಕಳು ಕೇಳುತ್ತಾರೆ. ಎಷ್ಟು ದೊಡ್ಡ ಕಾಳಗ ಎಂಬುದರಿಂದ ತಿರುವು ಗೊತ್ತಾಗುವುದಿಲ್ಲ, ಅದರ ನಂತರ ಏನು ಸಾಧ್ಯವಾಯಿತು ಎಂಬುದರಿಂದ ಗೊತ್ತಾಗುತ್ತದೆ. ಕೆರೆನ್ ಬಿದ್ದ ಮೇಲೆ ಏಪ್ರಿಲ್ 8ಕ್ಕೆ ಕೆಂಪು ಸಮುದ್ರದ ಮಸ್ಸಾವಾ ಬಂದರು ಕೈಗೆ ಬಂತು. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಯುದ್ಧವಲಯಕ್ಕೆ ತನ್ನ ಹಡಗು ಕಳಿಸುವಂತಿರಲಿಲ್ಲ. ಏಪ್ರಿಲ್ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಕೆಂಪು ಸಮುದ್ರ ಇನ್ನು ಯುದ್ಧವಲಯವಲ್ಲ ಎಂದು ಘೋಷಿಸಿದರು. ಅಲ್ಲಿಂದ ಅಮೆರಿಕದ ಹಡಗುಗಳು ಸೂಯೆಜ್‌ವರೆಗೆ ಸಾಮಗ್ರಿ ತರಲು ದಾರಿಯಾಯಿತು. ಈಜಿಪ್ಟಿನಲ್ಲಿ ಮುಂದೆ ಜರ್ಮನಿಯ ಸೇನಾಪತಿ ರೊಮ್ಮೆಲನನ್ನು ತಡೆದ ಸೈನ್ಯಕ್ಕೆ ಬೇಕಾದದ್ದರಲ್ಲಿ ಬಹುಪಾಲು ಬಂದದ್ದು ಆ ನೀರಿನ ದಾರಿಯಿಂದಲೇ. ಬೆಳಗಾವಿಯಲ್ಲಿ ಬೂಟು ಕಟ್ಟಿ ಕಲಿತವರು ಹತ್ತಿದ ಒಂದು ಶಿಖರಕ್ಕೂ ಈಜಿಪ್ಟಿನ ಎಲ್ ಅಲಮೈನ್ ಗೆಲುವಿಗೂ ಹೀಗೆ ನೇರ ಸಂಬಂಧವಿದೆ. ಕಪ್ಪುಹಲಗೆಯ ಮೇಲೆ ಒಂದು ಬಾಣ ಎಳೆದು ಇದನ್ನು ತೋರಿಸಬಹುದು.

ಗೆಲುವಷ್ಟೇ ಹೇಳಿದರೆ ಅದು ಇತಿಹಾಸವಾಗದು. ತೊಬ್ರೂಕ್ ಸೋಲನ್ನೂ ಅಷ್ಟೇ ನಿಷ್ಠೆಯಿಂದ ಹೇಳಿ. 1942ರ ಜೂನ್ 20ರ ಬೆಳಗಿನ ಜಾವ ರೊಮ್ಮೆಲ್ ಲಿಬಿಯಾದ ಆ ಬಂದರುಕೋಟೆಯ ಆಗ್ನೇಯ ಮೂಲೆಗೆ ತನ್ನ ಬಲವನ್ನೆಲ್ಲ ಸುರಿದ. ಆ ಮೂಲೆ ಕಾಯುತ್ತಿದ್ದದ್ದು 5ನೇ ಮರಾಠಾ ದಳದ 2ನೇ ಬೆಟಾಲಿಯನ್. ಅವರೂ ಕೆರೆನ್ ಬೆಟ್ಟಗಳಲ್ಲಿ ರಕ್ತ ಹರಿಸಿ ಬಂದವರೇ. ಮೇಲಿಂದ ಬಾಂಬರ್ ವಿಮಾನಗಳು ಸಾಲುಸಾಲಾಗಿ ಎರಗಿದವು, ಹಿಂದೆಯೇ ಟ್ಯಾಂಕುಗಳು ಬಂದವು. ಮರುದಿನ ಜೂನ್ 21ಕ್ಕೆ ತೊಬ್ರೂಕ್ ಶರಣಾಯಿತು. 30 ಸಾವಿರಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ಸೆರೆಸಿಕ್ಕವರ ಮನೆಗಳಿಗೆ ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಹೊಲದ ಕೆಲಸ ನೂಕಿದ ಹೆಣ್ಣುಮಕ್ಕಳ ಯುದ್ಧವೂ ಅದೇ ಯುದ್ಧ.

ಆ ಸೋಲಿನ ಸುದ್ದಿ ಮುಟ್ಟಿದಾಗ ಚರ್ಚಿಲ್ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟರ ಎದುರಿಗಿದ್ದರು. ಏನು ಬೇಕು ಕೇಳಿ ಎಂದ ರೂಸ್‌ವೆಲ್ಟ್ ಕೊಟ್ಟದ್ದು 300 ಶೆರ್ಮನ್ ಟ್ಯಾಂಕುಗಳನ್ನು. ಅವು ಕೆಂಪು ಸಮುದ್ರದ ದಾರಿಯಲ್ಲೇ ಬಂದು ಅಕ್ಟೋಬರ್ 23ರಂದು ಶುರುವಾದ ಎಲ್ ಅಲಮೈನ್ ಕಾಳಗಕ್ಕೆ ಒದಗಿದವು. ನವೆಂಬರ್ ಮೊದಲ ವಾರದಲ್ಲಿ ರೊಮ್ಮೆಲ್ ಹಿಂದೆ ಸರಿದ. ಅದೇ ನವೆಂಬರಿನಲ್ಲಿ ರಷ್ಯನ್ನರು ಸ್ಟಾಲಿನ್‌ಗ್ರಾಡಿನ ಸುತ್ತ ಜರ್ಮನ್ ಸೈನ್ಯವನ್ನು ಮುತ್ತಿದರು, 1943ರ ಫೆಬ್ರವರಿ 2ಕ್ಕೆ ಅಲ್ಲಿನ ಜರ್ಮನ್ನರು ಶರಣಾದರು. ಅದಕ್ಕೂ ಮೊದಲು 1942ರ ಜೂನ್‌ನಲ್ಲಿ ಮಿಡ್‌ವೇ ಬಳಿ ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತ್ತು. 1942ರ ವರ್ಷವನ್ನು ಹೀಗೆ ಒಂದೇ ಪಟದಲ್ಲಿಟ್ಟು ತೋರಿಸಿದರೆ, ಯುದ್ಧ ಎಲ್ಲಿ ಮಗ್ಗಲು ಬದಲಿಸಿತು ಎಂಬುದನ್ನು ಹತ್ತನೇ ತರಗತಿಯ ಮಗು ತಾನೇ ಕಂಡುಕೊಳ್ಳುತ್ತದೆ.

ನಮ್ಮ ನೆಲದ ಮೇಲೆ ನಡೆದ ತಿರುವು ಇಂಫಾಲ ಮತ್ತು ಕೊಹಿಮಾ. 1944ರ ಮಾರ್ಚ್‌ನಲ್ಲಿ ಜಪಾನಿನ ಮೂರು ಡಿವಿಜನ್‌ಗಳು ಬರ್ಮಾದಿಂದ ಚಿಂದ್ವಿನ್ ನದಿ ದಾಟಿ ಒಳನುಗ್ಗಿದವು. ಒಂದು ಡಿವಿಜನ್ ನೇರವಾಗಿ ಕೊಹಿಮಾಕ್ಕೆ ಹೊರಟಿತ್ತು. ಅಲ್ಲಿ ಆಗ ತಕ್ಕಷ್ಟು ಸೈನ್ಯವೇ ಇರಲಿಲ್ಲ. ದಾರಿಯಲ್ಲಿ ಸಂಗ್ಶಾಕ್ ಎಂಬ ನಾಗಾ ಹಳ್ಳಿ. ಅಲ್ಲಿ ಅಡ್ಡನಿಂತವರು 50ನೇ ಪ್ಯಾರಾಶೂಟ್ ಬ್ರಿಗೇಡ್ ಮತ್ತು 5ನೇ ಮರಾಠಾ ದಳದ 4ನೇ ಬೆಟಾಲಿಯನ್.

ಸಂಗ್ಶಾಕ್ ನೆಲವನ್ನು ಮಕ್ಕಳ ಕಣ್ಣ ಮುಂದೆ ತನ್ನಿ. ಗುಡ್ಡದ ತುದಿಯಲ್ಲಿ ಹಳ್ಳಿ, ಇನ್ನೂ ಮೇಲೆ ಒಂದು ಚರ್ಚು. ಮೂರಡಿ ಅಗೆದರೆ ಬಂಡೆ. ಮೈ ಮುಚ್ಚುವಷ್ಟು ಕಂದಕ ತೋಡಲು ಆಗುತ್ತಿರಲಿಲ್ಲ. ಮುಳ್ಳುತಂತಿ ಇರಲಿಲ್ಲ, ನೀರಿಗೂ ತತ್ವಾರ. ವಿಮಾನದಿಂದ ಇಳಿಸಿದ ಗುಂಡು, ನೀರು, ಅನ್ನದ ಮೂಟೆಗಳಲ್ಲಿ ಬಹುಪಾಲು ಆ ಕಿರಿದಾದ ಜಾಗ ತಪ್ಪಿ ಜಪಾನಿಯರ ಕೈಗೆ ಬೀಳುತ್ತಿದ್ದವು. ಸತ್ತ ಹೇಸರಗತ್ತೆಗಳು, ಹೂಳಲಾಗದ ಹೆಣಗಳು, ಗಾಯಾಳುಗಳು, ಎಲ್ಲರೂ ಆ ಒಂದು ತುಂಡು ನೆಲದಲ್ಲಿ. ಮಾರ್ಚ್ 22ರಿಂದ 26ರವರೆಗೆ ಹಗಲು ರಾತ್ರಿ ಹೀಗೇ ಕಳೆಯಿತು. 26ರ ರಾತ್ರಿ, ಹೇಗಾದರೂ ದಾರಿ ಮಾಡಿಕೊಂಡು ಇಂಫಾಲದತ್ತ ಬನ್ನಿ ಎಂಬ ಆಜ್ಞೆ ಬಂತು. ಬದುಕಿದವರು ಕತ್ತಲಲ್ಲಿ ಕಾಡಿಗಿಳಿದರು. ಸುಮಾರು 600 ಜನ ಸತ್ತೋ ಗಾಯಗೊಂಡೋ ಸೆರೆಯಾಗಿಯೋ ಕಳೆದುಹೋಗಿದ್ದರು.

ಲೆಕ್ಕಕ್ಕೆ ಇದು ಸೋಲು, ಜಾಗ ಕೈತಪ್ಪಿತು. ಆದರೆ ಆ ದಿನಗಳಲ್ಲಿ ಒಬ್ಬ ಜಪಾನಿ ಅಧಿಕಾರಿಯ ಶವದ ಬಳಿ ನಕ್ಷೆಯೊಂದು ಸಿಕ್ಕಿತು. ಇಡೀ ಡಿವಿಜನ್ ಕೊಹಿಮಾದತ್ತ ಹೊರಟಿದೆ ಎಂಬುದು ಅದರಿಂದ ಗೊತ್ತಾಯಿತು. ಅದನ್ನು ಶತ್ರುಗಳ ನಡುವಿನಿಂದಲೇ ಇಂಫಾಲಕ್ಕೆ ಮುಟ್ಟಿಸಲಾಯಿತು. ಸಂಗ್ಶಾಕ್‌ನಲ್ಲಿ ಸಿಕ್ಕಿಬಿದ್ದ ಜಪಾನಿಯರಿಗೆ ಸುಮಾರು ಒಂದು ವಾರ ತಡವಾಯಿತು. ಅವರು ಏಪ್ರಿಲ್ 4ಕ್ಕೆ ಕೊಹಿಮಾ ಮುಟ್ಟುವಷ್ಟರಲ್ಲಿ ರಕ್ಷಣೆಗೆ ಒಂದಿಷ್ಟು ಪಡೆ ಸೇರಿತ್ತು. ಕೊಹಿಮಾ ಉಳಿಯಿತು, ಇಂಫಾಲವೂ ಉಳಿಯಿತು. ಜುಲೈ ಹೊತ್ತಿಗೆ ಜಪಾನಿನ ಸೈನ್ಯ ಹಸಿವು, ಮಳೆ, ಜ್ವರಗಳಲ್ಲಿ ಕರಗುತ್ತ ಹಿಂದಿರುಗಿತು. ಅಲ್ಲಿವರೆಗಿನ ತನ್ನ ಚರಿತ್ರೆಯಲ್ಲೇ ಜಪಾನ್ ಭೂಸೈನ್ಯ ಅಷ್ಟು ದೊಡ್ಡ ಸೋಲು ಕಂಡಿರಲಿಲ್ಲ. 2013ರಲ್ಲಿ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ನಡೆಸಿದ ಆಯ್ಕೆಯಲ್ಲಿ ಬ್ರಿಟನ್ನಿನ ಅತಿ ಮಹತ್ವದ ಕಾಳಗವೆಂದು ಆರಿಸಿ ಬಂದದ್ದು ಇದೇ, ನಾರ್ಮಂಡಿ ವಾಟರ್‌ಲೂಗಳನ್ನೂ ಹಿಂದಿಕ್ಕಿ.

ಇಟಲಿಯಲ್ಲಿ ಇದೇ ಮರಾಠಾ ದಳದ ಇಬ್ಬರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1944ರ ಜುಲೈ 10ರಂದು ಪ್ರಾಣ ಕೊಟ್ಟ ನಾಯಕ್ ಯಶವಂತ ಘಾಡಗೆ ಒಬ್ಬರು. ಇನ್ನೊಬ್ಬರು ಸಿಪಾಯಿ ನಾಮದೇವ ಜಾಧವ. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ಎದೆಮಟ್ಟದ ನೀರು ದಾಟುವಾಗ ಜೊತೆಗಿದ್ದವರೆಲ್ಲ ಬಿದ್ದರು. ಜಾಧವ ಮೊದಲು ಮಾಡಿದ್ದು ಗಾಯಗೊಂಡ ಒಬ್ಬನನ್ನು ಹೊತ್ತು ನೆಲಬಾಂಬುಗಳ ನಡುವೆ ಸುರಕ್ಷಿತ ಜಾಗಕ್ಕೆ ತಂದದ್ದು. ಮತ್ತೆ ಹೋಗಿ ಇನ್ನೊಬ್ಬನನ್ನು ತಂದರು. ಆಮೇಲೆಯೇ ಶತ್ರುಗಳ ಮೂರು ಮಶಿನ್‌ಗನ್ ನೆಲೆಗಳ ಮೇಲೆ ಒಬ್ಬರೇ ನುಗ್ಗಿ ಅವುಗಳ ಬಾಯಿ ಮುಚ್ಚಿಸಿದರು. ಮಕ್ಕಳಿಗೆ ಈ ಕ್ರಮವನ್ನು ಒತ್ತಿ ಹೇಳಿ: ಮೊದಲು ಜೊತೆಗಾರರ ಜೀವ, ಆಮೇಲೆ ಕಾಳಗ.

ಇಷ್ಟೆಲ್ಲ ನಡೆದಿದ್ದರೂ ನಮ್ಮಲ್ಲಿ ಈ ಮಾತು ಯಾಕೆ ಏಳುವುದಿಲ್ಲ? ಕಾರಣ ನಮಗೆಲ್ಲ ಗೊತ್ತು. ಇದು ಕಿತ್ತೂರು ರಾಣಿ ಚೆನ್ನಮ್ಮನ ನಾಡು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ನೇಣಿಗೇರಿದ. ಬೈಲಹೊಂಗಲದಲ್ಲಿ ರಾಣಿಯ ಸಮಾಧಿಯಿದೆ. ಎರಡನೇ ಯುದ್ಧ ಶುರುವಾಗುವ ಐದು ತಿಂಗಳ ಮೊದಲು, 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಜನ ಅರಸೊತ್ತಿಗೆಯ ವಿರುದ್ಧ ದಂಗೆ ಎದ್ದಿದ್ದರು. 1942ರಲ್ಲಿ ಜಿಲ್ಲೆಯ ಯುವಕರು ಬ್ರಿಟಿಷರೇ ಭಾರತ ಬಿಟ್ಟು ತೊಲಗಿ ಎಂದು ಜೈಲಿಗೆ ಹೋದರು. ಅದೇ ವರ್ಷ ಅದೇ ಜಿಲ್ಲೆಯಲ್ಲಿ ಇನ್ನೊಂದು ಮನೆಯ ಮಗ ಬ್ರಿಟಿಷರ ಸಮವಸ್ತ್ರ ತೊಟ್ಟು ಹಡಗು ಹತ್ತಿದ. ಬ್ರಿಟಿಷರನ್ನು ಎದುರಿಸಿದವರ ಹೆಮ್ಮೆಯೊಳಗೆ ಬ್ರಿಟಿಷರ ಪಗಾರ ಪಡೆದವರಿಗೆ ಜಾಗ ಸಿಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಅವರ ಪದಕಗಳು ಟ್ರಂಕಿನ ತಳ ಸೇರಿದವು.

ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಅವರನ್ನು ನೆನೆದರೆ ಸಾಮ್ರಾಜ್ಯವನ್ನು ಹೊಗಳಿದಂತಾಗುವುದಿಲ್ಲ. ಆ ಹುಡುಗರಲ್ಲಿ ಬಹಳಷ್ಟು ಮಂದಿ ಮಳೆಯಿಲ್ಲದ ಹೊಲ, ಸಾಲದ ಬಾಧೆ, ಮನೆ ತುಂಬ ತಮ್ಮ ತಂಗಿಯರನ್ನು ನೋಡಿ ಪಲ್ಟಣಿ ಸೇರಿದವರು. ಭಾರತದ ಸುಮಾರು 25 ಲಕ್ಷ ಜನ ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು, 87 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಇಂಫಾಲದ ಕಾಳಗದಲ್ಲಿ ಎದುರು ಬದಿಗೆ ಸುಭಾಷರ ಆಜಾದ್ ಹಿಂದ್ ಫೌಜ್ ಇತ್ತು. ಎರಡೂ ಕಡೆ ನಮ್ಮವರೇ. ಆಜಾದ್ ಹಿಂದ್ ಸೈನಿಕರನ್ನು ಗೌರವಿಸುವುದಕ್ಕಾಗಿ ಸಂಗ್ಶಾಕ್‌ನಲ್ಲಿ ಸತ್ತವರನ್ನು ಮರೆಯಬೇಕಿಲ್ಲ. ಚೆನ್ನಮ್ಮನನ್ನು ನೆನೆಯುವ ನಾಡಿಗೆ ಎರಡನ್ನೂ ಹೊರುವ ಶಕ್ತಿ ಇದೆ.

ಇನ್ನು ಹೆಸರುಗಳ ಮಾತು. ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ಹೋದ 103, 110 ಮತ್ತು 117ನೇ ಮರಾಠಾ ಪಲ್ಟಣಿಗಳು ಕೂತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕವು. 147 ದಿನ ಹಸಿದು, 1916ರ ಏಪ್ರಿಲ್ 29ರಂದು ಶರಣಾದವು. ಸೆರೆಯಾದವರಲ್ಲಿ ಸಾವಿರಾರು ಜನ ಮರಳುಗಾಡಿನ ನಡಿಗೆಯಲ್ಲಿ, ಸೆರೆಮನೆಗಳಲ್ಲಿ ತೀರಿಕೊಂಡರು. ಆ ರಣರಂಗದಲ್ಲಿ ಸತ್ತು ಸಮಾಧಿಯೂ ಇಲ್ಲದ 40 ಸಾವಿರಕ್ಕೂ ಹೆಚ್ಚು ಮಂದಿಯ ನೆನಪಿಗೆ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ಬ್ರಿಟಿಷ್ ಸಿಪಾಯಿಯ ಹೆಸರು ಕಲ್ಲಿನ ಮೇಲೆ ಬಂತು. ಭಾರತದ ಅಧಿಕಾರಿಗಳ ಹೆಸರೂ ಬಂತು. ಭಾರತದ ಸಾಮಾನ್ಯ ಸಿಪಾಯಿಗಳನ್ನು ಮಾತ್ರ ಇಂಥ ಪಲ್ಟಣಿಯ ಇಷ್ಟು ಜನ ಎಂದು ಎಣಿಸಿ ಬಿಟ್ಟರು. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ ಇಂಥ ತಾರತಮ್ಯ ನಡೆದದ್ದನ್ನು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು.

ಈ ನೆಲದಲ್ಲಿ ಹೆಸರಿಗೆ ಅಂಥ ಬಡತನ ಇರಲಿಲ್ಲ. ದೇಗಾಂವದ ಕಮಲನಾರಾಯಣ ಗುಡಿಯನ್ನು ನೀವು ಮಕ್ಕಳಿಗೆ ತೋರಿಸಿಯೇ ಇರುತ್ತೀರಿ. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಕಟ್ಟಿಸಿದ ರಾಣಿಯ ಹೆಸರಿನ ಜೊತೆ ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಉಳಿದು ಬಂದಿದೆ. ಊರ ದನ ಉಳಿಸಲು ಹೋಗಿ ಸತ್ತವನಿಗೂ ಕನ್ನಡ ನಾಡು ವೀರಗಲ್ಲು ನೆಟ್ಟು ಹೆಸರು ಬರೆಯಿಸಿತು. 800 ವರ್ಷದ ಹಿಂದಿನ ಕಲ್ಲುಕುಟಿಗನ ಹೆಸರು ಗೊತ್ತಿರುವ ಊರಿನಲ್ಲಿ, 80 ವರ್ಷದ ಹಿಂದೆ ಹಡಗು ಹತ್ತಿದವನ ಹೆಸರು ಅವನ ಮೊಮ್ಮಕ್ಕಳ ಮನೆಯ ಹೊರಗೆ ಯಾರಿಗೂ ಗೊತ್ತಿಲ್ಲದೆ ಹೋಗಬಾರದು.

ಆದ್ದರಿಂದ ನನ್ನ ಬೇಡಿಕೆಗಳು ಇವು.

ಒಂದು, ಯುದ್ಧಸಮಾಧಿ ಆಯೋಗದ ದಾಖಲೆಗಳನ್ನು ಮೊಬೈಲಿನಲ್ಲೇ ಹುಡುಕಬಹುದು. ಎರಡನೇ ಯುದ್ಧದಲ್ಲಿ ಸತ್ತ ಅನೇಕರ ಹೆಸರಿನ ಮುಂದೆ ತಂದೆಯ ಹೆಸರು, ಹೆಂಡತಿಯ ಹೆಸರು, ಊರು, ಜಿಲ್ಲೆ ಇರುತ್ತವೆ. ಬೆಳಗಾಂವ ಎಂಬ ಹಳೆಯ ಹೆಸರಿನಿಂದ ಹುಡುಕಿಸಿ. ಊರುಗಳ ಹೆಸರು ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಹತ್ತು ರೂಪ ತಾಳಿವೆ. ದೇಗಾಂವ ದೇಗಾವೆಯೂ ಆಗಿರಬಹುದು, ದೇವಗಾಂವವೂ ಆಗಿರಬಹುದು. ಆ ರೂಪಗಳನ್ನೆಲ್ಲ ಊಹಿಸಿ ಹುಡುಕುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ.

ಎರಡು, ಮಕ್ಕಳನ್ನು ಮನೆಮನೆಗೆ ಕಳಿಸಿ. ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ, ಪದಕ, ಫೋಟೋ ಏನಿದ್ದರೂ ಅಲ್ಲಿಯೇ ಫೋಟೋ ತೆಗೆದುಕೊಂಡು ವಸ್ತುವನ್ನು ಮನೆಯವರಿಗೇ ಬಿಟ್ಟುಬರಲಿ. ಪದಕದ ಅಂಚಿನ ಮೇಲೆ ಸಿಪಾಯಿಯ ನಂಬರೂ ಹೆಸರೂ ಕೆತ್ತಿರಬಹುದು, ತಿರುಗಿಸಿ ನೋಡಲು ಹೇಳಿ. ಊರ ಮುಂದಿನ ಮನೆಗಳಲ್ಲಷ್ಟೇ ಕೇಳಿ ನಿಲ್ಲಿಸಬೇಡಿ, ಎಲ್ಲ ಕೇರಿಗಳಲ್ಲೂ ಕೇಳಿಸಿ. ಮೊದಲ ಯುದ್ಧದ ಬೆನ್ನಿಗೆ ಮಹಾರರ ಪಲ್ಟಣಿಯನ್ನು ಮುರಿದು ಸೈನ್ಯದ ಬಾಗಿಲು ಮುಚ್ಚಿದ್ದರು. ಅದನ್ನು ಮತ್ತೆ ತೆರೆಸಲು ಅಂಬೇಡ್ಕರರು ಹೋರಾಡಬೇಕಾಯಿತು. ಆ ಬಾಗಿಲಿನಿಂದ ಒಳಹೋದವರ ಕಥೆ ಬರೆಯದೆ ಉಳಿದರೆ ಅದು ಎರಡನೇ ಸಲ ಮಾಡಿದ ಅನ್ಯಾಯ. ಬಂದೂಕು ಹಿಡಿಯದ ಅಡಿಗೆಯವರು, ಹೇಸರಗತ್ತೆ ನೋಡಿಕೊಂಡವರು, ಲಾರಿ ಓಡಿಸಿದವರು, ಆಸ್ಪತ್ರೆಯಲ್ಲಿ ದುಡಿದವರೂ ಆ ಪಟ್ಟಿಗೆ ಬರಬೇಕು.

ಮೂರು, ಅಜ್ಜಿಯರನ್ನು ಕೇಳಿಸಿ. ಯುದ್ಧಕ್ಕೆ ಹೋದವನ ಮಾತು ಹೆಚ್ಚಾಗಿ ಉಳಿದಿರುವುದು ಮನೆಯಲ್ಲಿ ಉಳಿದ ಹೆಣ್ಣುಮಕ್ಕಳ ಬಾಯಲ್ಲಿ. ಮನಿಯಾರ್ಡರ್ ಬಂದ ದಿನ, ಬರದ ದಿನ, ತಿರುಗಿ ಬಂದವನು ರಾತ್ರಿ ಬೆಚ್ಚಿ ಏಳುತ್ತಿದ್ದದ್ದು, ತಿರುಗಿ ಬರದವನ ಹೆಂಡತಿ ಬಾಳುವೆ ಮಾಡಿದ್ದು, ಎಲ್ಲವೂ ಯುದ್ಧದ ಇತಿಹಾಸವೇ. ಹೇಳಿದಂತೆಯೇ ಬರೆಯಲಿ, ಕೇಳಿದ್ದಕ್ಕೆ ಬಣ್ಣ ಕಟ್ಟುವುದು ಬೇಡ. ದಾಖಲೆಯಲ್ಲಿ ಸಿಕ್ಕಿದ್ದು ಯಾವುದು, ಮನೆಯವರು ಹೇಳಿದ್ದು ಯಾವುದು ಎಂಬುದು ಬೇರೆಬೇರೆಯಾಗಿ ಕಾಣಬೇಕು. ಇತಿಹಾಸ ಬರೆಯುವ ಮೊದಲ ಶಿಸ್ತು ಮಕ್ಕಳಿಗೆ ಅಲ್ಲಿಯೇ ಸಿಗುತ್ತದೆ.

ನಾಲ್ಕು, ಕೂಡಿದ ಹೆಸರುಗಳನ್ನು ಊರ ಶಾಲೆಯ ಗೋಡೆಯ ಮೇಲೆ ಬರೆಯಿಸಿ. ಪ್ರತಿ ಅಕ್ಟೋಬರಿನಲ್ಲಿ ನಡೆಯುವ ಕಿತ್ತೂರು ಉತ್ಸವದಲ್ಲಿ ಅವುಗಳಿಗೊಂದು ಮಳಿಗೆ ಕೇಳಿ ಪಡೆಯಿರಿ. ಚೆನ್ನಮ್ಮ, ರಾಯಣ್ಣರ ನೆನಪಿನ ಪಕ್ಕದಲ್ಲಿ ಆ ಪಟ್ಟಿ ನಿಲ್ಲಲಿ.

ಬೆಳಗಾಗುವ ಮೊದಲೇ ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಮಿಲ್ಟ್ರಿ ಭರ್ತಿಗೆಂದು ಓಡುವ ಹುಡುಗರನ್ನು ನೀವು ದಿನವೂ ನೋಡುತ್ತೀರಿ. ಅವರು ನಿಮ್ಮ ವಿದ್ಯಾರ್ಥಿಗಳು. ತಾವು ತೊಡಲು ಹೊರಟ ಸಮವಸ್ತ್ರದ ಹಿಂದೆ ಪಿನಾಕಲ್ ಗೆಲುವೂ ಇದೆ, ತೊಬ್ರೂಕ್ ಸೋಲೂ ಇದೆ, ಸಂಗ್ಶಾಕ್‌ನ ನೀರಿಲ್ಲದ ಗುಡ್ಡವೂ ಇದೆ ಎಂದು ತಿಳಿದು ಹೋಗುವವನು ಏನೂ ತಿಳಿಯದೆ ಹೋಗುವವನಿಗಿಂತ ಒಳ್ಳೆಯ ಸೈನಿಕನಾಗುತ್ತಾನೆ, ಒಳ್ಳೆಯ ನಾಗರಿಕನೂ ಆಗುತ್ತಾನೆ. ಯುದ್ಧದ ಬೆಲೆ ಗೊತ್ತಿರುವವರು ಯುದ್ಧವನ್ನು ಹಗುರವಾಗಿ ಕರೆಯುವುದಿಲ್ಲ.

ಆ ಯುದ್ಧ ಕಂಡವರು ಈಗ ಬೆರಳೆಣಿಕೆಗೂ ಸಿಗುವುದಿಲ್ಲ. ಅವರ ಮಕ್ಕಳಿಗೇ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಇನ್ನು ಹತ್ತು ವರ್ಷ ಬಿಟ್ಟರೆ ಕೇಳಲು ಯಾರೂ ಉಳಿಯುವುದಿಲ್ಲ. ಗುರುಗಳೇ, ಅಕ್ಕೋರೇ, ಈ ವರ್ಷದ ಮಹಾಯುದ್ಧದ ಪಾಠವನ್ನು ನಿಮ್ಮೂರಿನ ಒಂದು ಹೆಸರಿನಿಂದ ಶುರುಮಾಡಿ. ಆ ಹೆಸರು ಹುಡುಕುವ ಕೆಲಸಕ್ಕೆ ಮುಂದಿನ ರಜೆಯಲ್ಲೇ ಕೈಹಚ್ಚಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಕಿತ್ತೂರು ನಾಡಿನ ಒಬ್ಬ ಓದುಗ